ಕದ್ದ ಗುಡುಗು, ಹಾಡಿದ ಮಂಗಳ

ಮೂಡುಬಿದಿರೆ–ಕಾರ್ಕಳ ದಾರಿಯಲ್ಲಿರುವ ಬೆಳುವಾಯಿಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ಇಂಗ್ಲಿಷಿನ ಚಿತ್ರವಿಮರ್ಶೆಯೊಂದನ್ನು ಕನ್ನಡಿಸಿ ತಂದು ತರಗತಿಯಲ್ಲಿ ಓದಿದ. ಹಾಸ್ಯನಟನು ‘ಪ್ರದರ್ಶನವನ್ನು ಕಳವು ಮಾಡಿದ್ದಾನೆ’ ಎಂದು ಅದರಲ್ಲಿತ್ತು. ತರಗತಿಯೆಲ್ಲ ನಕ್ಕಿತು, ಹುಡುಗ ತಲೆ ತಗ್ಗಿಸಿದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್ ಎಂದು ಮೂರನೆಯ ಮೆಟ್ಟಿಲಲ್ಲಿ ನಿಂತು ಓದುವವನನ್ನು ಕಂಡು ನಗುವುದು ಸುಲಭ. ಆದರೆ ತಪ್ಪು ಅವನೊಬ್ಬನದೇ ಅಲ್ಲ. ಪದದ ಅರ್ಥವನ್ನು ಬಲ್ಲ ಮಾತ್ರಕ್ಕೆ ಅದು ಬೆಳೆದ ಮನೆಯ ಪರಿಚಯವಾಗದು.

‘ಸ್ಟೀಲ್ ದ ಷೋ’ ಎಂದರೆ ಪ್ರೇಕ್ಷಕರ ಗಮನವನ್ನೆಲ್ಲ ಅನಿರೀಕ್ಷಿತವಾಗಿ ತನ್ನ ಕಡೆಗೆ ಸೆಳೆದುಕೊಳ್ಳುವುದು. ಇಲ್ಲಿ ಕಳವಿನ ಮಾತು ವ್ಯರ್ಥವಾಗಿ ಬಂದುದಲ್ಲ. ಆ ಗಮನ ಬೇರೊಬ್ಬನಿಗೆ ಸಲ್ಲಬೇಕಾಗಿತ್ತೆಂಬ ಧ್ವನಿ ಅದರಲ್ಲುಂಟು. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ಯಲ್ಲಿ (1975) ಚೋಮನಾಗಿ ಅಭಿನಯಿಸಿ ರಾಷ್ಟ್ರಪ್ರಶಸ್ತಿ ಪಡೆದ ಎಂ. ವಿ. ವಾಸುದೇವ ರಾಯರಿಗೆ ಈ ಮಾತು ಒಪ್ಪದು. ಮನೆಯೊಡೆಯನೇ ತನ್ನ ಮನೆಯನ್ನು ಕದಿಯುವುದುಂಟೆ?

ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಒಡನಾಡಿ ಮಾತಿದೆ: ಇನ್ನೊಬ್ಬನ ಗುಡುಗನ್ನು ಕದಿಯುವುದು. ಜಾನ್ ಡೆನ್ನಿಸ್ ಎಂಬ ನಾಟಕಕಾರ 1709ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ತನ್ನ ನಾಟಕಕ್ಕಾಗಿ ಗುಡುಗಿನ ಸದ್ದು ಹೊರಡಿಸುವ ಹೊಸ ಉಪಾಯವೊಂದನ್ನು ಹೂಡಿದನಂತೆ. ನಾಟಕ ಸೋತಿತು. ಕೆಲವು ದಿನಗಳಲ್ಲೇ ಅಲ್ಲಿ ನಡೆದ ‘ಮ್ಯಾಕ್‌ಬೆತ್’ನಲ್ಲಿ ತನ್ನದೇ ಗುಡುಗು ಕೇಳಿ ಆತ ಕೆರಳಿದನೆಂಬುದು ಪ್ರಸಿದ್ಧವಾದ ಕಥೆ. ‘ಪಾಟ್‌ಬಾಯ್ಲರ್’ ಎಂಬುದೂ ಹೀಗೆಯೇ. ಒಲೆಯ ಮೇಲಿನ ಮಡಕೆ ಕುದಿಯುತ್ತಿರಲೆಂದು, ಅಂದರೆ ಹೊಟ್ಟೆಪಾಡಿಗಾಗಿ, ರಚಿಸಿದ ಕೃತಿ ಅದು. ನಮ್ಮ ದೇಶದ ಪತ್ರಿಕೆಗಳಲ್ಲಿ ಅದು ಹಾಡು, ಹೊಡೆದಾಟ, ಕಣ್ಣೀರು ಎಲ್ಲವನ್ನೂ ಬೆರೆಸಿದ ಮಸಾಲೆ ಚಿತ್ರಕ್ಕೆ ಹೆಸರಾಗಿದೆ. ಮಾತು ಸಮುದ್ರ ದಾಟಿದಾಗ ಅದರೊಳಗಿನ ಅಡುಗೆಯೂ ಬದಲಾಗುತ್ತದೆ!

ಈಗ ನಗುವ ಸರದಿಯನ್ನು ಸ್ವಲ್ಪ ತಿರುಗಿಸಿ ನೋಡೋಣ. ‘ಆ ಯೋಜನೆಗೆ ಮಂಗಳ ಹಾಡಿದರು’ ಎಂಬ ನಮ್ಮ ವಾಕ್ಯವನ್ನು ನಿಘಂಟು ಹಿಡಿದು ಕುಳಿತ ಪರದೇಶಿಯೊಬ್ಬ ಓದಿದರೆ, ಯಾವುದೋ ಶುಭಕಾರ್ಯ ನಡೆಯಿತೆಂದೇ ತಿಳಿದಾನು. ಯಕ್ಷಗಾನದ ಆಟದ ಕೊನೆಗೆ ಭಾಗವತರು ಮಂಗಳ ಹಾಡುವುದನ್ನು ಕಂಡವನಿಗೆ ಮಾತ್ರ ಅದು ಮುಕ್ತಾಯವೆಂದು ಹೊಳೆಯುತ್ತದೆ. ‘ಬಣ್ಣ ಬಯಲಾಯಿತು’, ‘ಅವನ ತಾಳಕ್ಕೆ ಇವನು ಕುಣಿದ’ ಎಂಬ ಮಾತುಗಳೂ ಹಾಗೆಯೇ ಅವನನ್ನು ಕಾಡಿಯಾವು.

ಆದುದರಿಂದ ಅನ್ಯಭಾಷೆಯ ನುಡಿಗಟ್ಟು ಎದುರಾದಾಗ ಪದಕ್ಕೆ ಪದವನ್ನು ಹುಡುಕುವುದಕ್ಕಿಂತ, ಅಂಥ ಸಂದರ್ಭದಲ್ಲಿ ನಮ್ಮವರು ಏನೆನ್ನುತ್ತಾರೆಂದು ಕೇಳಿಕೊಳ್ಳುವುದು ಲೇಸು. ಬಾಕ್ಸ್ ಆಫೀಸಿಗೆ ‘ಗಲ್ಲಾಪೆಟ್ಟಿಗೆ’ ಎಂದವರು ಅಂಗಡಿಯನ್ನು ನೆನೆದರೇ ಹೊರತು ಕಚೇರಿಯನ್ನಲ್ಲ.

ಇಷ್ಟನ್ನು ಹೇಳಿ ಆ ಹುಡುಗನ ಬರಹವನ್ನು ಅವನಿಗೇ ಮರಳಿ ಕೊಟ್ಟೆ. ಮರುದಿನ ಅವನು ತಿದ್ದಿ ತಂದ ವಾಕ್ಯ ಹೀಗಿತ್ತು: ‘ನಾಯಕನಿಗೆ ಸಲ್ಲಬೇಕಾದ ಚಪ್ಪಾಳೆ ಹಾಸ್ಯನಟನ ಪಾಲಾಯಿತು.’ ಕಳವೂ ಉಳಿದಿತ್ತು, ಕನ್ನಡವೂ ಉಳಿದಿತ್ತು. ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ.