ಮೊದಲು ಕೈ, ಅನಂತರ ಅಕ್ಷರ

ಮಗುವಿಗೆ ಮೂರು ವರ್ಷ ತುಂಬುವುದೇ ತಡ, ಅದರ ಕೈಗೆ ಬಳಪವನ್ನೋ ಪೆನ್ಸಿಲನ್ನೋ ಕೊಟ್ಟು ‘ಬರೆ’ ಎಂದು ಕುಳ್ಳಿರಿಸುವುದು ನಮ್ಮ ಎಷ್ಟೋ ಮನೆಗಳಲ್ಲಿ ವಾಡಿಕೆಯಾಗಿದೆ. ಬರೆಯಲಾರದೆ ಅದು ಅತ್ತರೆ, ‘ಇದಕ್ಕೆ ವಿದ್ಯೆ ಹತ್ತುವಂತಿಲ್ಲ’ ಎಂದು ಕೊರಗುವ ತಾಯಂದಿರೂ ಉಂಟು. ಆ ಪುಟ್ಟ ಬೆರಳುಗಳಲ್ಲಿ ಬರೆಯುವ ಕಸುವು ಇನ್ನೂ ಕೂಡಿಬಂದಿರುವುದಿಲ್ಲವೆಂಬುದನ್ನು ಅವರು ಮರೆಯುತ್ತಾರೆ. ಈ ವಯಸ್ಸಿನಲ್ಲಿ ಹುಟ್ಟಿದ ಅಂಜಿಕೆಯು ಮುಂದೆ ಪುಸ್ತಕವನ್ನು ಕಂಡರೆ ಬೇಸರವಾಗಿ ಬೆಳೆಯಬಹುದಾದುದರಿಂದ, ತಾಯಿತಂದೆಗಳು ಈ ವಿಷಯವನ್ನು ಸಾವಧಾನವಾಗಿ ಆಲೋಚಿಸತಕ್ಕದ್ದು.

ಕೈಯ ಮೂಲಕ ಬುದ್ಧಿಯನ್ನು ಬೆಳೆಸಬೇಕೆಂಬ ತತ್ತ್ವವು ಹೊಸದಲ್ಲ. ಡಾಕ್ಟರ್ ಮರಿಯಾ ಮಾಂಟೆಸೊರಿಯವರು 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸಿ ಮಕ್ಕಳು ಅವುಗಳ ಆಕಾರವನ್ನು ಕಲಿಯುವಂತೆ ಮಾಡಿದರು. 1939ರಲ್ಲಿ ಅವರು ಮದರಾಸಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೂ ಈ ಕ್ರಮವನ್ನು ಬೋಧಿಸಿದರು. ನಮ್ಮ ನಾಡಿನಲ್ಲಿಯೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ಆಟವನ್ನೂ ಪಾಠವನ್ನೂ ಒಂದುಗೂಡಿಸಿತು. ಇವುಗಳ ಸಾರವನ್ನು ಬೆಲೆಬಾಳುವ ಉಪಕರಣಗಳಿಲ್ಲದೆ ಮನೆಯ ಸಾಮಾನುಗಳಿಂದಲೇ ಪಡೆಯಬಹುದೆಂದು ನಾವು ನಂಬಿದ್ದೇವೆ.

ಮೊದಲು ಅಳತೆಯ ಆಟವನ್ನು ನೋಡೋಣ. ಹಳೆಯ ಮನೆಗಳಲ್ಲಿ ಚಟಾಕು, ಪಾವು, ಅಚ್ಚೇರು, ಸೇರುಗಳು ಈಗಲೂ ಮೂಲೆಯಲ್ಲಿರುವುದುಂಟು. ಅವನ್ನು ತೊಳೆದು, ಒಂದಿಷ್ಟು ಅಕ್ಕಿಯೊಡನೆ ಮಗುವಿನ ಮುಂದಿಡಿರಿ. ನಾಲ್ಕು ಚಟಾಕು ಸುರಿದರೆ ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು ತುಂಬುವುದನ್ನು ಅದು ತಾನೇ ಕಂಡುಕೊಳ್ಳುವುದು. ಕಾಲು, ಅರೆ ಎಂಬ ಮಾತುಗಳ ಅರ್ಥವು ಹೀಗೆ ಕೈಗೇ ತಿಳಿಯುವುದು. ಅಳತೆಗಳಿಲ್ಲದಿದ್ದರೆ ಚಿಕ್ಕದೊಂದು, ದೊಡ್ಡದೊಂದು ಲೋಟವಾದರೂ ಸಾಕು. ಚೆಲ್ಲಿದ ಕಾಳನ್ನು ಮಗುವೇ ಹೆಬ್ಬೆರಳು ತೋರುಬೆರಳುಗಳಿಂದ ಆರಿಸಲಿ. ಮುಂದೆ ಪೆನ್ಸಿಲನ್ನು ಹಿಡಿಯಬೇಕಾದ ಬೆರಳುಗಳು ಅವೇ ಅಲ್ಲವೆ?

ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವು ‘ಏಳು ಬೀಜ ಕೊಡು’ ಎಂದರೆ ತಬ್ಬಿಬ್ಬಾಗುವುದನ್ನು ಅನೇಕರು ಕಂಡಿರಬಹುದು. ಇದಕ್ಕೆ ಅಳಗುಳಿಮಣೆಯು ಒಳ್ಳೆಯ ಮದ್ದು. ಏಳೇಳರ ಎರಡು ಸಾಲು, ಒಟ್ಟು 14 ಗುಳಿಗಳು; ಗುಳಿಗೆ ನಾಲ್ಕರಂತೆ ಹುಣಸೆಬೀಜ ಹಾಕಿದರೆ 56. ಒಂದೊಂದೇ ಬೀಜವನ್ನು ಒಂದೊಂದು ಗುಳಿಗೆ ಬಿಡುತ್ತ ಹೋಗುವಾಗ ಬಾಯಿಯ ಎಣಿಕೆಯೂ ಕೈಯ ಎಣಿಕೆಯೂ ಜೊತೆಗೂಡುವುವು. ಆಟ ಕಲಿಸಲು ಮನೆಯ ಅಜ್ಜಿಗಿಂತ ಉತ್ತಮ ಗುರುಗಳು ಬೇಕಿಲ್ಲ.

ಅಕ್ಷರಕ್ಕೆ ತಟ್ಟೆಯಲ್ಲಿ ತೆಳುವಾಗಿ ಹರಡಿದ ಮರಳು ಸಾಕು. ಕನ್ನಡದ ಅಕ್ಷರಗಳು ಬಹುಮಟ್ಟಿಗೆ ದುಂಡಾಗಿರುವುದರಿಂದ ಮೊದಲು ಸೊನ್ನೆ, ಬಳ್ಳಿ, ಸುಳಿಗಳನ್ನು ಬೆರಳಿನಿಂದ ಎಳೆಯಿಸಬೇಕು. ಬಳಿಕ ವರ್ಣಮಾಲೆಯ ಕ್ರಮವನ್ನೇ ಹಿಡಿಯಬೇಕೆಂದಿಲ್ಲ. ರ, ಗ, ಸ, ದ, ಅ ಎಂಬ ಐದನ್ನು ಮೊದಲು ಕಲಿಸಿದರೆ ‘ಸರ’, ‘ಅರಸ’, ‘ಅಗಸ’ ಎಂಬ ಮಾತುಗಳು ಕೂಡಲೆ ಒದಗುವುವು. ತಾನು ತೀಡಿದ ಗೆರೆಗಳು ಮಾತಾದುದನ್ನು ಕಂಡಾಗ ಮಗುವಿಗಾಗುವ ಹಿಗ್ಗು ಹೇಳತೀರದು.

ಇನ್ನು ಪ್ರಕೃತಿಪಾಠ. ನೆನೆಸಿದ ಹೆಸರುಕಾಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನಗಳಲ್ಲಿ ಮೊಳಕೆ ತೋರುವುದು. ಪ್ರತಿದಿನವೂ ಮೊಳಕೆಯುದ್ದಕ್ಕೆ ದಾರವನ್ನು ಕತ್ತರಿಸಿ ಕಾಗದಕ್ಕೆ ಸಾಲಾಗಿ ಅಂಟಿಸಿದರೆ, ಬೆಳವಣಿಗೆಯು ಕಣ್ಣಿಗೆ ಕಟ್ಟುವುದು.

ಕೆಲವು ಎಚ್ಚರಿಕೆಗಳು ಅವಶ್ಯ. ಬೀಜಕಾಳುಗಳನ್ನು ಮಕ್ಕಳು ಮೂಗಿಗೋ ಕಿವಿಗೋ ಹಾಕಿಕೊಳ್ಳುವುದುಂಟು. ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಳ್ಳುವುದೂ ಉಂಟು. ಆದುದರಿಂದ ಮೂರು ವರ್ಷ ತುಂಬದವರಿಗೆ ಇವನ್ನು ಕೊಡಲೇಬಾರದು. ದೊಡ್ಡ ಮಕ್ಕಳ ಬಳಿಯಲ್ಲಿಯೂ ಹಿರಿಯರೊಬ್ಬರು ಇರತಕ್ಕದ್ದು. ಹೊತ್ತಿಗೆ ಕಾಲುಗಂಟೆ ಸಾಕು; ಮಗು ಬೇಸತ್ತರೆ ಅಲ್ಲಿಗೇ ನಿಲ್ಲಿಸಿರಿ. ತಪ್ಪಿದರೆ ಕೈಯಿಂದ ಕಸಿದುಕೊಂಡು ನೀವೇ ಮಾಡಿಬಿಡಬೇಡಿರಿ, ನೆರೆಮನೆಯ ಮಗುವಿನೊಡನೆ ಹೋಲಿಸಲೂಬೇಡಿರಿ.

ಇವು ಶಾಲೆಗೆ ಬದಲಾಗಿ ಹೇಳಿದ ಮಾತುಗಳಲ್ಲ. 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣವು 2009ರ ಕಾನೂನಿನಂತೆ ಹಕ್ಕಾಗಿದೆ. ಆ ಶಾಲೆಯ ಬಾಗಿಲನ್ನು ಮಗುವು ಅಳುತ್ತ ಹೊಗಬೇಕೆ, ನಗುತ್ತ ಹೊಗಬೇಕೆ ಎಂಬುದು ಅದಕ್ಕೆ ಮುಂಚಿನ ಮೂರು ವರ್ಷಗಳನ್ನು ಬಹುಮಟ್ಟಿಗೆ ಅವಲಂಬಿಸಿದೆ. ಓದಿದ ತಾಯಿಯೇ ಆಗಬೇಕೆಂದಿಲ್ಲ. ಅಕ್ಕಿಯಳೆಯಬಲ್ಲ, ರಂಗೋಲಿಯಿಡಬಲ್ಲ ಯಾವ ತಾಯಿಯಾದರೂ ಈ ಪಾಠಗಳನ್ನು ಆರಂಭಿಸಬಲ್ಲಳು. ನಮ್ಮ ವಾಚಕರು ಇವುಗಳಲ್ಲಿ ಒಂದನ್ನಾದರೂ ಈ ವಾರವೇ ಪ್ರಯೋಗಿಸಿ ನೋಡಬೇಕೆಂದು ನಮ್ಮ ವಿನಂತಿ.