ಮನೆ ಕಟ್ಟಹೋದವರು

ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬ ಮಹನೀಯರು 1920ರಲ್ಲಿ ಸ್ವಯಂಸೇವಕರ ಪುಟ್ಟ ತಂಡದೊಡನೆ ಫ್ರಾನ್ಸಿನ ವರ್ಡನ್ ಬಳಿಯ ಹಳ್ಳಿಯೊಂದಕ್ಕೆ ಹೋದರು. ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಆ ಊರಿನಲ್ಲಿ ಮನೆ ಎಬ್ಬಿಸುವುದು ಅವರ ಸಂಕಲ್ಪ. ತಂಡದಲ್ಲಿ ಜರ್ಮನಿಯವರೂ ಇದ್ದರು. ನಿನ್ನೆಯ ಶತ್ರು ಇಂದು ಹಾರೆ ಹಿಡಿದು ಬಂದರೆ ಊರಿನ ಮನಸ್ಸು ಒಡನೆಯೇ ತೆರೆದೀತೆ? ತೆರೆಯಲಿಲ್ಲ, ಕೆಲವೇ ತಿಂಗಳಲ್ಲಿ ತಂಡ ಹಿಂದಿರುಗಬೇಕಾಯಿತು. ಸೆರೆಸೋಲರು ಕೈಚೆಲ್ಲಲಿಲ್ಲ. 1934ರ ಜನವರಿ 15ರಂದು ಬಿಹಾರ ಭೂಕಂಪಕ್ಕೆ ತುತ್ತಾದಾಗ ನಮ್ಮ ದೇಶಕ್ಕೇ ಬಂದರು. ಬಾಬು ರಾಜೇಂದ್ರಪ್ರಸಾದರ ಪರಿಹಾರ ಸಮಿತಿಯೊಡನೆ ಸೇರಿ, ನೆರೆ ನುಗ್ಗುವ ತಗ್ಗಿನ ಊರುಗಳನ್ನು ಎತ್ತರದ ನೆಲದಲ್ಲಿ ಹೊಸದಾಗಿ ಕಟ್ಟಲು ಹಳ್ಳಿಗರ ಜೊತೆ ದುಡಿದರು. ಮುಂದೆಯೂ ಮತ್ತೆ ಮತ್ತೆ ಬಂದರು. ಈ ‘ಮತ್ತೆ ಮತ್ತೆ’ ಎಂಬ ಮಾತು ನಮ್ಮನ್ನು ಚುಚ್ಚುತ್ತದೆ. ಕಾರಣವನ್ನು ಓದುಗರಲ್ಲಿ ನಿವೇದಿಸಿಕೊಳ್ಳಬೇಕು.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮಕ್ಕಂದೂರು, ಹೆಬ್ಬಟ್ಟಗೇರಿ, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಜರಿದದ್ದನ್ನು ಯಾರು ಮರೆತಾರು? ಮಳೆ ಹಿಂಗಿದ ಮೇಲೆ ಏಳು ಮಂದಿ ವಿದ್ಯಾರ್ಥಿಗಳೊಡನೆ ನಾವು ಮಾದಾಪುರದ ಕಡೆಗೆ ತೆರಳಿದೆವು. ನಮಗೆ ದೊರೆತದ್ದು ಇಳಿಜಾರಿನಲ್ಲಿ ಅರ್ಧ ಹೂತಿದ್ದ ಒಂದು ಮನೆ. ಮನೆಯವರು ಗುದ್ದಲಿ ಮುಟ್ಟದಂತೆ ನಮ್ಮ ಹುಡುಗರು ನೋಡಿಕೊಂಡರು. ಅದೇ ಸೇವೆಯೆಂಬ ಭಾವನೆ. ಎರಡು ದಿನ ಆ ಮನೆಯ ಅಜ್ಜಿ ಮಾತಾಡಲಿಲ್ಲ. ಮೂರನೆಯ ದಿನ ಒಬ್ಬನ ಕೈಯಿಂದ ಬುಟ್ಟಿ ಕಸಿದುಕೊಂಡು, “ನನ್ನ ಮನೆಯ ಮಣ್ಣು ನಾನು ಹೊರಬಾರದಾ ಸ್ವಾಮಿ?” ಎಂದರು. ಕಾಯಕದ ಮೇಲೆ ನಲವತ್ತು ವರ್ಷ ಉಪನ್ಯಾಸ ಮಾಡಿದ ನಾವು ತಲೆ ತಗ್ಗಿಸಿದೆವು. ಅಂದಿನಿಂದ ಎಲ್ಲರೂ ಕೂಡಿ ಹೊತ್ತೆವು. ಬೆಲ್ಲದ ಕಾಫಿ, ಅಕ್ಕಿ ರೊಟ್ಟಿ, ಜೊತೆಗೆ ಅಜ್ಜಿಯ ಗದರಿಕೆ! ಹನ್ನೆರಡನೆಯ ದಿನ ಹೊರಟಾಗ ಗೃಹಪ್ರವೇಶಕ್ಕೆ ಬರುವೆವೆಂದು ಮಾತು ಕೊಟ್ಟೆವು.

ಆ ಇಳಿಜಾರು ವಾಸಕ್ಕೆ ಯೋಗ್ಯವಲ್ಲವೆಂದು ಆಮೇಲೆ ತೀರ್ಮಾನವಾಯಿತು. ನಾವು ಎತ್ತಿದ ಗೋಡೆ ಇಂದು ಕಾಡುಬಳ್ಳಿಯ ಪಾಲು. 2020ರ ಜೂನ್‌ನಲ್ಲಿ ಜಂಬೂರು ಮತ್ತು ಮದೆನಾಡುಗಳಲ್ಲಿ ಸಂತ್ರಸ್ತರಿಗೆ 463 ಮನೆಗಳು ಹಸ್ತಾಂತರವಾದವು. ಅಜ್ಜಿಯ ಕುಟುಂಬಕ್ಕೆ ಜಂಬೂರಿನಲ್ಲಿ ಒಂದು ದೊರೆಯಿತು. ನಾವು ಹೋಗಲಿಲ್ಲ. ಮಹಾಮಾರಿಯ ನೆಪವಿತ್ತು, ನೆಪ ತೀರಿದ ಮೇಲೂ ಹೋಗಲಿಲ್ಲ.

ಕೊನೆಗೆ 2023ರಲ್ಲಿ ಹೋದೆವು. ಕೊಡಗಿನ ಹಳ್ಳಿಗಳಲ್ಲಿ ಮನೆಗಳು ತೋಟ ಗದ್ದೆಗಳ ನಡುವೆ ದೂರದೂರ ಇರುತ್ತವೆ. ಇಲ್ಲಿ ಸಾಲು ಮನೆ. “ಪಕ್ಕದವರು ಒಗ್ಗರಣೆ ಹಾಕಿದರೆ ನನಗೆ ಸೀನು” ಎಂದು ಅಜ್ಜಿ ನಕ್ಕರು. ಆ ಪಕ್ಕದ ಮನೆಯಾಕೆಯೇ ನಮಗೆ ಕಾಫಿ ತಂದುಕೊಟ್ಟದ್ದು. ತಡವಾಗಿ ಬಂದುದಕ್ಕೆ ಅಜ್ಜಿ ಆಕ್ಷೇಪಿಸಲಿಲ್ಲ. ಹುಡುಗರ ಹೆಸರು ಒಂದೊಂದಾಗಿ ಹೇಳಿ, ಯಾರು ಎಲ್ಲಿದ್ದಾರೆಂದು ಕೇಳಿದರು. “ಐದು ರೊಟ್ಟಿ ತಿನ್ನುತ್ತಿದ್ದನಲ್ಲ ಆ ಗಿಡ್ಡ ಹುಡುಗ, ಅವನಿಗೆ ಕೆಲಸ ಸಿಕ್ಕಿತಾ?”

ಇಬ್ಬರ ಸುದ್ದಿ ನಮಗೇ ತಿಳಿದಿರಲಿಲ್ಲ. ಊರಿಗೆ ಬಂದವರೇ ಏಳು ಮಂದಿಗೂ ಕಾಗದ ಬರೆದೆವು. ಆ ಡಿಸೆಂಬರಿನಲ್ಲಿ ನಾಲ್ವರು ಜಂಬೂರಿಗೆ ಹೋಗಿಬಂದರು, ಗಿಡ್ಡನೂ ಇದ್ದ.