ದಿನಕ್ಕೆ ಎರಡು ಗೆರೆ

ಕೆಟ್ಟ ಯೋಚನೆ ತಲೆಗೆ ಬಂದದ್ದೇ ಪಾಪವೆಂದು ನಡುಗುವ ಕ್ರೈಸ್ತರಿದ್ದಾರೆ. ಹಾಗಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ಕುಳಿತ ಇವಾಗ್ರಿಯಸ್ ಇದನ್ನು ಬಿಡಿಸಿ ಹೇಳಿದ್ದಾರೆ: ಯೋಚನೆ ಬರುವುದು ನಮ್ಮ ಕೈಲಿಲ್ಲ, ಬಂದದ್ದು ತಂಗುವುದು ನಮ್ಮ ಕೈಲಿದೆ. ಮೊದಲು ಅದು ಸುಳಿಯುತ್ತದೆ, ಆಮೇಲೆ ನಾವು ಅದರೊಡನೆ ಮಾತಿಗಿಳಿಯುತ್ತೇವೆ, ಕೊನೆಗೆ ಹೂಂಗುಡುತ್ತೇವೆ. ಕಾವಲು ಬೇಕಾದದ್ದು ಮಾತಿಗಿಳಿಯುವ ಹೊತ್ತಿನಲ್ಲಿ.

ಈ ಕಾವಲಿಗೊಂದು ಪದ್ಧತಿ ತಮಿಳುನಾಡಿನ ಸೇಲಂ ಬಳಿಯ ತಾರಮಂಗಲಂ ಸೀಮೆಗೆ ಬಹಳ ಹಿಂದೆಯೇ ಬಂದಿದೆ. 1623ರಲ್ಲಿ ರಾಬರ್ಟೊ ಡಿ ನೊಬಿಲಿ ಮದುರೆಯಿಂದ ಹೊರಟು ಸೇಂದಮಂಗಲಂ ದಾಟಿ ಸೇಲಂ ಮುಟ್ಟಿದರು. 1640ರ ದಶಕದ ಕೊನೆಗೆ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಮೈಸೂರು ಮಿಷನ್ ಕಟ್ಟಿದರು. ಇಬ್ಬರೂ ಯೇಸುಸಭೆಯ ಗುರುಗಳು. ಆತ್ಮಪರಿಶೋಧನೆಯೆಂಬ ಈ ಪದ್ಧತಿ ಅವರ ನಿತ್ಯದ ಕಟ್ಟಳೆ. ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಅವರ ‘ಆಧ್ಯಾತ್ಮಿಕ ಸಾಧನೆ’ 1548ರಲ್ಲಿ ಅಚ್ಚಾದಾಗಲೇ ಅದರಲ್ಲಿ ಇದರ ಕ್ರಮವಿತ್ತು.

ಆ ಕ್ರಮ ಹೀಗಿದೆ: ಒಂದೇ ಒಂದು ದೋಷವನ್ನು ಆರಿಸಿಕೊಳ್ಳಿ. ಪಕ್ಕದ ಮನೆಯವರ ಏಳಿಗೆ ಕಂಡು ಹೊಟ್ಟೆ ಉರಿಯುವುದು ಎನ್ನೋಣ. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಅದರ ಮೇಲೆ ಕಣ್ಣಿಡುತ್ತೇನೆಂದು ನಿಶ್ಚಯಿಸಿ. ಹಗಲಿನಲ್ಲಿ ಅದಕ್ಕೆ ಸೋತಾಗಲೆಲ್ಲ ಎದೆಯ ಮೇಲೊಮ್ಮೆ ಕೈಯಿಡಿ. ಯಾರಿಗೂ ತಿಳಿಯುವುದಿಲ್ಲ, ಮಗ್ಗದ ಮುಂದೆ ಕುಳಿತೂ, ಬಸ್ಸಿನಲ್ಲಿ ನಿಂತೂ ಮಾಡಬಹುದು. ಮಧ್ಯಾಹ್ನದ ಊಟವಾದ ಮೇಲೆ, ರಾತ್ರಿಯ ಊಟವಾದ ಮೇಲೆ, ಕಳೆದ ಒಂದೊಂದು ಗಂಟೆಯನ್ನೂ ನೆನೆದು, ಸೋತಷ್ಟು ಚುಕ್ಕಿಗಳನ್ನು ಕಾಗದದ ಗೆರೆಯ ಮೇಲೆ ಇಡಿ. ದಿನಕ್ಕೆ ಎರಡು ಗೆರೆ, ವಾರಕ್ಕೆ ಹದಿನಾಲ್ಕು. ಮಧ್ಯಾಹ್ನಕ್ಕಿಂತ ರಾತ್ರಿಗೆ, ನಿನ್ನೆಗಿಂತ ಇವತ್ತಿಗೆ, ಹೋದ ವಾರಕ್ಕಿಂತ ಈ ವಾರಕ್ಕೆ ಚುಕ್ಕಿ ಕಡಿಮೆಯಾಯಿತೇ ಎಂದು ಹೋಲಿಸಿ ನೋಡಿ. ಇಡೀ ದಿನದ ಲೆಕ್ಕಕ್ಕೆ ಕೂತರೆ ಇಗ್ನೇಷಿಯಸ್ ಹೇಳುವ ಮೊದಲ ಹೆಜ್ಜೆ ದೇವರಿಗೆ ಕೃತಜ್ಞತೆ. ತಪ್ಪು ಹುಡುಕುವುದು ಆಮೇಲೆ. ಈ ಅನುಕ್ರಮ ತಪ್ಪಿಸಬಾರದು, ಇಲ್ಲವಾದರೆ ಉಳಿಯುವುದು ಬರೀ ಕೊರಗು. ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ತಮಿಳು ಎನ್ನುವವರು ಈ ಲೆಕ್ಕವನ್ನಾದರೂ ಕನ್ನಡದಲ್ಲೇ ಮಾಡಲಿ. ಸಿಟ್ಟು, ಹೊಟ್ಟೆಕಿಚ್ಚು ಮನಸ್ಸಿನಲ್ಲಿ ಮಾತಾಡುವುದು ಮನೆಮಾತಿನಲ್ಲೇ.

ಇಂದು ಯೋಚನೆಗಳು ಹೆಚ್ಚಾಗಿ ಮೊಬೈಲಿನಿಂದ ಬರುತ್ತವೆ. ಹೂಂಗುಟ್ಟರೆ ಏನಾಗುತ್ತದೆಂಬುದನ್ನು 2018 ತೋರಿಸಿತು. ಆ ಮೇ ತಿಂಗಳಲ್ಲಿ ತಿರುವಣ್ಣಾಮಲೈ ಜಿಲ್ಲೆಯಲ್ಲಿ ದೇವಸ್ಥಾನಕ್ಕೆಂದು ಬಂದಿದ್ದ ವೃದ್ಧೆಯನ್ನು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನನ್ನು, ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಜನ ಹೊಡೆದು ಕೊಂದರು. ಆ ಜುಲೈನಲ್ಲೇ ವಾಟ್ಸ್ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡಬಹುದೆಂದು ಮಿತಿ ಹಾಕಿತು. ಜೋಡಿ ಬಾಣದ ಗುರುತಿದ್ದರೆ ಆ ಸಂದೇಶ ಹಲವು ಕೈ ದಾಟಿ ಬಂದಿದೆ ಎಂದರ್ಥ; ಅಲ್ಲಿ ಬೆರಳು ನಿಲ್ಲಿಸಿ, ಕಳಿಸಿದವರು ಯಾರು, ಇದನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳಿ. ಹತ್ತು ಜನಕ್ಕೆ ಕಳಿಸದಿದ್ದರೆ ಕೇಡಾಗುತ್ತದೆನ್ನುವ ‘ಪ್ರಾರ್ಥನೆ’ಯನ್ನು ಅಲ್ಲೇ ಅಳಿಸಿಬಿಡಿ. ಹೆದರಿಸಿ ಹರಡುವುದು ಪ್ರಾರ್ಥನೆಯಲ್ಲ. ಯೂಟ್ಯೂಬಿನಲ್ಲಿ ಆಟೋಪ್ಲೇ ಆಫ್ ಮಾಡಿದರೆ ಮುಂದಿನ ವಿಡಿಯೊ ತಾನಾಗಿ ಓಡುವುದಿಲ್ಲ, ಆಯ್ಕೆ ನಿಮ್ಮದಾಗುತ್ತದೆ.

ದುಷ್ಟಪ್ರೇರಣೆ ಗುಟ್ಟಾಗಿ ಉಳಿಯಲು ಬಯಸುತ್ತದೆ ಎಂದೂ ಇಗ್ನೇಷಿಯಸ್ ಎಚ್ಚರಿಸುತ್ತಾರೆ. ಆದ್ದರಿಂದ ಕಾಡುವ ಯೋಚನೆಯನ್ನು ಗುರುಗಳಿಗೋ ಪಾಸ್ಟರ್ ಅವರಿಗೋ ನಂಬಿಕಸ್ಥ ಗೆಳೆಯರಿಗೋ ಬಾಯಿಬಿಟ್ಟು ಹೇಳಬೇಕು. ಹೇಳಿದರೂ ಪಾಪದ ಭಯ ಬಿಡದೆ, ಮತ್ತೆ ಮತ್ತೆ ನಿವೇದಿಸಿದರೂ ಸಮಾಧಾನವಾಗದೆ ಇದ್ದರೆ ಗೆರೆ ಎಳೆಯುವುದನ್ನು ನಿಲ್ಲಿಸಿ. 1522ರಲ್ಲಿ ಸ್ಪೇನಿನ ಮನ್ರೆಸಾಕ್ಕೆ ಬಂದ ಇಗ್ನೇಷಿಯಸ್ ಅವರನ್ನು ಅಲ್ಲಿ ಇದೇ ಶಂಕೆ ಕಾಡಿ, ಪ್ರಾಣ ಕಳೆದುಕೊಳ್ಳುವ ಪ್ರೇರಣೆಯವರೆಗೂ ಒಯ್ದಿತ್ತು. ಈ ಶಂಕೆ ಚಿಕಿತ್ಸೆಯಿರುವ ತೊಂದರೆ. ಮನೋವೈದ್ಯರನ್ನು ಕಾಣಲು ಸಂಕೋಚವಾದರೆ ಕೇಂದ್ರ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.